ಬಣ್ಣ ತೋರಿಸಿಕೊಟ್ಟ ಅಣ್ಣನಿಗೆ

ಮೊನ್ನೆ ಪಿಎಚ್‌ಡಿ ವೈವಾ ಮುಗೀತು. ಸ್ಲೈಡುಗಳ ಚಿತ್ರದಲ್ಲಿ ಕ್ಯಾನ್ಸರ್ ಹುಡುಕುವ ಕಂಪ್ಯೂಟರ್ ಮಾಡೆಲ್ ನನ್ನ ಥೀಸಿಸ್. ಇನ್ನು ಮನೆ ಓನರ್ ಆಂಟಿಯೂ ನನ್ನನ್ನು ಡಾಕ್ಟರ್ ಅನ್ನಬಹುದು, ಜ್ವರಕ್ಕೆ ಮಾತ್ರೆ ಕೇಳದಿದ್ದರೆ ಸಾಕು.

ಗೈಡ್, ಸ್ಲೈಡುಗಳ ಮೇಲೆ ಗಡ್ಡೆಯ ಅಂಚು ಗುರುತಿಸಿಕೊಟ್ಟ ಪೆಥಾಲಜಿಸ್ಟ್ ಮೇಡಂ, ಲ್ಯಾಬ್ ಗೆಳೆಯರು, ಅಪ್ಪ ಅಮ್ಮ, ಕಂಪ್ಯೂಟರಿನಿಂದ ಕ್ಯಾನ್ಸರ್ ಪತ್ತೆ ಹಚ್ಚುವ 2016ರ ಕ್ಯಾಮೆಲಿಯಾನ್ ಸ್ಪರ್ಧೆಗೆಂದು 400 ಸ್ಲೈಡುಗಳ ಚಿತ್ರ ಕೊಟ್ಟ ನೆದರ್ಲೆಂಡ್ಸ್‌ನವರು, ಎಲ್ಲರಿಗೂ ಮನಸಾರೆ ವಂದನೆ.

ಉಳಿದದ್ದೆಲ್ಲ ಅಂಗಾಂಶ ಪರೀಕ್ಷಿಸುವ ಹಿಸ್ಟೋಪೆಥಾಲಜಿ ಲ್ಯಾಬಿನ ಟೆಕ್ನಿಷಿಯನ್ ಅಣ್ಣನಿಗೆ.

ಬೇರೆ ಆಸ್ಪತ್ರೆಯ ಸ್ಲೈಡು ಕೊಟ್ಟಾಗ ನನ್ನ ಮಾಡೆಲ್ ಮಕಾಡೆ ಮಲಗಿದ ರಾತ್ರಿ ಲ್ಯಾಬ್ ಗೆಳೆಯರಿಗೆಲ್ಲ ಗೊತ್ತೇ ಇದೆ. ಏನೂ ಇಲ್ಲದ ಲಿಂಫ್ ನೋಡಿನಲ್ಲೂ (ದುಗ್ಧ ಗ್ರಂಥಿ) ಅದಕ್ಕೆ ಕ್ಯಾನ್ಸರ್ ಕಾಣುತ್ತಿತ್ತು. ಡ್ಯೂಟಿ ಮುಗಿಸಿ ಹೊರಟಿದ್ದ ಅಣ್ಣ ನನ್ನ ಮುಖ ನೋಡಿ ಬ್ಯಾಗ್ ಕೆಳಗಿಟ್ಟರು. ಒಂದೊಂದರಲ್ಲೂ 100 ಕೋಟಿ ಪಿಕ್ಸೆಲ್ ದಾಟುವ ಚಿತ್ರಗಳು. ಅವರಿಗೆ ಒಂದು ನೋಟ ಸಾಕಾಯಿತು. "ಇದು ಇಯೋಸಿನ್ ಜಾಸ್ತಿ ಕುಡಿದಿದೆ ಕಣಮ್ಮ, ಸೆಕ್ಷನ್ನೂ ದಪ್ಪ. ನಿನ್ನ ಕಂಪ್ಯೂಟರ್ ನಮ್ಮ ಬಣ್ಣಕ್ಕೇ ಒಗ್ಗಿಬಿಟ್ಟಿದೆ." ಇಯೋಸಿನ್ ಅಂದರೆ ಸ್ಲೈಡಿಗೆ ಹಾಕುವ ಗುಲಾಬಿ ಬಣ್ಣ, ಸೆಕ್ಷನ್ ಅಂದರೆ ಅಂಗಾಂಶದ ತೆಳು ಪದರ.

ಕಲಿಯುವವರಿಗೆಂದು ಇಟ್ಟಿದ್ದ ಗಡ್ಡೆಯ ತುಣುಕು ಹುದುಗಿದ್ದ ಹಳೇ ಮೇಣದ ಬ್ಲಾಕ್ ಒಂದನ್ನು, ತೆಳುವಾಗಿ ಕತ್ತರಿಸುವ ಯಂತ್ರವಾದ ಮೈಕ್ರೊಟೋಮಿಗೆ ಕೂರಿಸಿದರು. 4 ಮೈಕ್ರಾನ್ ತೆಳುವಿನ ಪಟ್ಟಿ ಬೆಚ್ಚನೆ ನೀರಿನ ಮೇಲೆ ಸುಕ್ಕು ಬಿಚ್ಚಿಕೊಂಡು ತೇಲಿತು. ಗಾಜನ್ನು ಓರೆಯಾಗಿ ಮುಳುಗಿಸಿ ಅದನ್ನು ಎತ್ತಿಕೊಂಡರು. ಒಂದನ್ನು ಇಯೋಸಿನ್‌ನಲ್ಲಿ ಅದ್ದಿ ತೆಗೆದರು, ಇನ್ನೊಂದು ಸ್ಲೈಡನ್ನು ಅದರಲ್ಲೇ ಹೆಚ್ಚು ಹೊತ್ತು ಬಿಟ್ಟರು. ಒಂದೇ ಗಡ್ಡೆ, ಒಂದರಲ್ಲಿ ಮಾಸಲು ಗುಲಾಬಿ, ಇನ್ನೊಂದರಲ್ಲಿ ಕಣ್ಣಿಗೆ ರಾಚುವ ಗುಲಾಬಿ. ಬೆಳಗಿನ ಜಾವದವರೆಗೆ ಹೀಗೇ. ಬಣ್ಣ ಏರುಪೇರು ಮಾಡಿ ಮಾಡಿ ಮಾಡೆಲ್‌ಗೆ ಕಲಿಸುವ ನನ್ನ ನಾಲ್ಕನೇ ಅಧ್ಯಾಯ ಹುಟ್ಟಿದ್ದು ಆ ಬೆಂಚಿನ ಮೇಲೆ.

ನಡುವೆ ನನಗೆ ಅಳು ಒತ್ತರಿಸಿ ಬಂತು. ಥೀಸಿಸ್‌ಗಲ್ಲ. ಚಿಕ್ಕಮ್ಮನ ರಿಪೋರ್ಟ್ ಬಂದ ವಾರ ಅದು. ಮನೆಯವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಓದಿದರೆ ನನಗೆ ಅರ್ಥವಾಗುತ್ತಿತ್ತು, ಅದೇ ಕಷ್ಟವಾಗಿತ್ತು. ಚಿಕ್ಕಮ್ಮ ಈಗಿಲ್ಲ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ. ಅಣ್ಣ ಸಮಾಧಾನ ಗಿಮಾಧಾನ ಹೇಳಲಿಲ್ಲ. ಡಬ್ಬಿಯಲ್ಲಿ ಮಿಕ್ಕಿದ್ದ ಚಿತ್ರಾನ್ನ ನನ್ನ ಕಡೆ ಸರಿಸಿ, ಮುಂದಿನ ಸ್ಲೈಡ್ ತೊಳೆಯಲು ಹೋದರು.

ಸ್ಲೈಡ್ ತಯಾರಿಸಿದವರ ಹೆಸರು ಪೇಪರುಗಳಲ್ಲಿ ಕಾಣುವುದು ಅಪರೂಪ. ನಮ್ಮ ಪೇಪರಿನ ಲೇಖಕರಲ್ಲಿ ಅಣ್ಣನೂ ಒಬ್ಬರು, ಗೈಡ್ ಕೂಡಲೇ ಒಪ್ಪಿದರು. ಅಣ್ಣನದು ಒಂದೇ ಷರತ್ತು: "ಇನಿಷಿಯಲ್ ಮುಂದೆ ಹಾಕಮ್ಮ, ಇಲ್ಲಾಂದ್ರೆ ಊರಲ್ಲಿ ಯಾರೂ ನಂಬಲ್ಲ."

ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನಕ್ಕೆ ಬನ್ನಿ. ದೋಸೆ ನನ್ನ ಲೆಕ್ಕ, ಗಾಂಧಿ ಬಜಾರಿನ ಆ ಕ್ಯೂನಲ್ಲಿ ನಿಲ್ಲುವುದು ನಿಮ್ಮ ಪಾಲು. ಅಣ್ಣನಿಗೆ ಮಾತ್ರ ಜಾಗ ನಾನೇ ಹಿಡಿದಿರುತ್ತೇನೆ.