ಮಗಳಿಗೊಂದು ಪತ್ರ: ಪಾದ್ರಿ ಹುದ್ದೆ ಮಾರಾಟಕ್ಕಿದೆ

ಪುಟ್ಟಿ,

ಇಂಗ್ಲೆಂಡಿನಲ್ಲಿ ಪಾದ್ರಿ ಹುದ್ದೆ ಮಾರಬಾರದು ಅಂತ ಕಾನೂನೇ ಇತ್ತಲ್ಲ, ಮತ್ತೆ ಹರಾಜು ಹೇಗೆ ನಡೀತಿತ್ತು ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು.

ಕಾನೂನು ಸುಮ್ನೆ ಹೆಸರಿಗಿರಲಿಲ್ಲ. ಒಂದನೇ ಎಲಿಜಬೆತ್ ಕಾಲದ 1588ರ ಕಾಯ್ದೆ ನೋಡು. ದುಡ್ಡು ತಗೊಂಡು ಪಾದ್ರಿಯನ್ನು ಸೂಚಿಸಿದರೆ ನೇಮಕ ರದ್ದು, ಆ ಸಲ ಸೂಚಿಸುವ ಹಕ್ಕು ರಾಣಿಗೆ, ಜೊತೆಗೆ ಆ ಹುದ್ದೆಯ ಒಂದು ವರ್ಷದ ಆದಾಯದ ಎರಡರಷ್ಟು ದಂಡ.

ಆದರೆ ಊರಿನ ಚರ್ಚಿಗೆ ಪಾದ್ರಿ ಯಾರಾಗಬೇಕು ಅಂತ ಸೂಚಿಸುವ ಹಕ್ಕು ಎಷ್ಟೋ ಕಡೆ ಜಮೀನ್ದಾರರ ಸ್ವಂತ ಆಸ್ತಿಯಾಗಿತ್ತು. ಹೊಲದ ಹಾಗೆ ಅದನ್ನೂ ಮಾರಬಹುದಿತ್ತು, ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು. ಮುಂದಿನ ಒಂದು ಸಲದ ಹಕ್ಕನ್ನಷ್ಟೇ ಬೇರೆ ಮಾಡಿಯೂ ಮಾರುತ್ತಿದ್ದರು. ಹುದ್ದೆ ಖಾಲಿಯಾದ ಮೇಲೆ ಆ ಹಕ್ಕನ್ನು ಮಾರಿದರೆ ತಪ್ಪು, ಇರುವ ಪಾದ್ರಿ ಇನ್ನೂ ಬದುಕಿರುವಾಗ ಮಾರಿದರೆ ತಪ್ಪಲ್ಲ! ಹಾಗಾಗಿ ಮಾರಾಟದ ಜಾಹೀರಾತಿನಲ್ಲಿ ಪಾದ್ರಿಯ ವಯಸ್ಸನ್ನೂ ಹಾಕುತ್ತಿದ್ದರು. ವಯಸ್ಸು ಜಾಸ್ತಿ ಆದಷ್ಟೂ ಬೆಲೆ ಜಾಸ್ತಿ, ಬೇಗ ಜಾಗ ಖಾಲಿಯಾಗುತ್ತದಲ್ವಾ.

ಚೆಸ್ಟರ್ ಬಿಷಪ್ ವಿರುದ್ಧ ಫಾಕ್ಸ್ ಹೂಡಿದ ಮೊಕದ್ದಮೆಯನ್ನು ಪೂರ್ತಿ ಓದು. ಪಾದ್ರಿ ಸಾಯುವ ಸ್ಥಿತಿಯಲ್ಲಿದ್ದಾರೆ ಅಂತ ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು, ಅವರ ಜೀವ ಹೋಗುವ ಮೊದಲೇ ವ್ಯವಹಾರ ಮುಗಿಸಿದರು. ಇದು ಹುದ್ದೆ ಮಾರಿದ ಹಾಗೆಯೇ ಅಂತ ಕೆಳಗಿನ ನ್ಯಾಯಾಲಯ ಹೇಳಿತು. 1829ರಲ್ಲಿ, ಆಗ ಕೊನೆಯ ಮೇಲ್ಮನವಿ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನೇ ತಿರುಗಿಸಿತು. ಎಷ್ಟು ಸಲ ಓದಿದರೂ ನನಗೆ ಸಿಟ್ಟು ಬರುತ್ತದೆ. ಒಬ್ಬ ಮನುಷ್ಯ ಹಾಸಿಗೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾನೆ, ಇವರು ಅವನ ಜಾಗಕ್ಕೆ ರೇಟು ಮಾತಾಡುತ್ತಿದ್ದಾರೆ.

ಇನ್ನೊಂದು ವಿಷಯ. ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುತ್ತಿದ್ದ ರೈತರನ್ನು, ನಿಮಗೆ ಯಾರು ಬೇಕು ಅಂತ ಈ ವ್ಯವಹಾರದಲ್ಲಿ ಯಾರೂ ಕೇಳಲಿಲ್ಲ. 1713ರ ಕಾಯ್ದೆ ಕೂಡ, ಪಾದ್ರಿಯೇ ಮುಂದಿನ ಸಲದ ಹಕ್ಕನ್ನು ತನಗಾಗಿ ಕೊಳ್ಳಬಾರದು ಅಂದಿತು, ಅಷ್ಟೇ. ಇಡೀ ಹಕ್ಕನ್ನೇ ಕೊಂಡರೆ ಅಡ್ಡಿಯಿರಲಿಲ್ಲ.

ಒಂದೇ ಸಲದ ಹಕ್ಕಿನ ಮಾರಾಟ ನಿಂತದ್ದು 1898ರಲ್ಲಿ, ಹರಾಜಿಗೆ ಕಡಿವಾಣ ಬಿದ್ದದ್ದೂ ಆಗಲೇ. ಆಮೇಲೆ 1923ರ ಕಾನೂನಿನ ಪ್ರಕಾರ, 1924ರ ಜುಲೈ 14ರ ನಂತರ ಹುದ್ದೆ ಎರಡು ಸಲ ಖಾಲಿಯಾದರೆ ಆ ಹಕ್ಕನ್ನು ಮುಂದೆಂದೂ ಮಾರುವ ಹಾಗಿರಲಿಲ್ಲ. ನಿನ್ನ ಪ್ರಬಂಧವನ್ನು ಎಲಿಜಬೆತ್‌ ಕಾಯ್ದೆಯಿಂದ ಶುರು ಮಾಡಬೇಡ ಕಂದಾ, 1829ರ ಆ ತೀರ್ಪಿನಿಂದಲೇ ಶುರು ಮಾಡು.

ನಿನ್ನ ಅಪ್ಪ