ಗಿರಿ ನೆತ್ತಿಯ ಮೇಲೆ ಹೊಂಗೆ ಸಸಿಯಂತೆ!

ಸಂಪಾದಕರೇ,

ನಮ್ಮ ಗಿರಿಯ ಹುಲ್ಲುಗುಡ್ಡದ ಮೇಲೆ ಗಣ್ಯರು ಬಂದು ಸಸಿ ನೆಟ್ಟ ಬಗ್ಗೆ ನಿಮ್ಮ ‘ಬೋಳುಗುಡ್ಡಕ್ಕೆ ಹಸಿರು ಹೊದಿಕೆ’ ವರದಿ, ಗುದ್ದಲಿ ಹಿಡಿದ ಸಾಹೇಬರ ಫೋಟೊ ಎರಡೂ ನೋಡಿದೆ. ಚೆನ್ನಾಗಿ ಬಂದಿದೆ. ಫೋಟೊದಲ್ಲಿ ಬಾರದೇ ಇದ್ದದ್ದು ಗಿರಿ ದಾರಿಯ ಕೈಮರದಲ್ಲಿ ಮೂರು ಗಂಟೆ ನಿಂತಿದ್ದ ನಮ್ಮ ಜೀಪು. ಗಣ್ಯರು ಮೇಲೆ ಹೋಗಬೇಕು, ಹಾಗಾಗಿ ರಸ್ತೆ ಬಂದ್. ಜೀಪಿನಲ್ಲಿ ಅಮ್ಮ ಇದ್ದರು, ಬಿಪಿ ತೋರಿಸೋಕೆ ಪೇಟೆಗೆ ಹೊರಟಿದ್ದೆವು. ಡಾಕ್ಟರು ಒಂದು ಗಂಟೆಗೆ ಎದ್ದು ಹೋಗ್ತಾರೆ ಅಂದರೆ ಪೊಲೀಸಪ್ಪ ‘ಐದೇ ನಿಮಿಷ’ ಅಂತ ಆರು ಸಲ ಹೇಳಿದ. ಡಾಕ್ಟರು ಸಿಗಲಿಲ್ಲ. ಬಿಪಿ ಏರಿದ್ದು ನನಗೆ.

ಸಂಜೆ ವಾಪಸ್ ಬರುವಾಗ ಗುಡ್ಡ ಹತ್ತಿ ನೋಡಿದೆ. ಜೆಸಿಬಿ ತಂದು ಹುಲ್ಲು ಸಮೇತ ಕೆರೆದು ಗುಂಡಿ ತೆಗೆದಿದ್ದಾರೆ. ಒಂದು ಮೊಳ ಮಣ್ಣಿಲ್ಲ, ಕೆಳಗೆ ಬಂಡೆ. ಅದರೊಳಗೆ ಹೊಂಗೆ ಸಸಿ, ಕೆಲವಕ್ಕೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಬಯಲುಸೀಮೆ ಹೊಲದ ಬದುವಿನ ಗಿಡ ಸ್ವಾಮಿ ಅದು. ಆಷಾಢದ ಗಾಳಿಗೆ ಇಲ್ಲಿ ನಮ್ಮ ಮನೆ ಹೆಂಚೇ ನಿಲ್ಲೋದಿಲ್ಲ.

‘ಮೊದಲು ಇಲ್ಲೆಲ್ಲ ದಟ್ಟ ಕಾಡಿತ್ತು, ದನ ಮೇದು ಬೋಳಾಯಿತು’ ಅಂದರಂತೆ ಸಾಹೇಬರು. ಮೊದಲು ಅಂದರೆ ಯಾವಾಗ? ನೀಲಗಿರಿಯ ಜವುಗು ಮಣ್ಣು ಪರೀಕ್ಷೆ ಮಾಡಿ ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಜೊತೆಯವರು 1993ರಲ್ಲೇ ಬರೆದಿದ್ದಾರೆ. ಉಷ್ಣವಲಯದ ಬಹುಪಾಲು ಹುಲ್ಲು ಗಾಳಿಯ ಇಂಗಾಲ ಹಿಡಿಯುವ ರೀತಿ ಬೇರೆ, ಮರದ್ದು ಬೇರೆ. ಕೊಳೆತು ಮಣ್ಣಾದ ಮೇಲೂ ಆ ಗುರುತು ಅಳಿಯೋದಿಲ್ಲ. ಆ ಗುರುತು ಓದಿದರೆ, ಸುಮಾರು 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ಮುಂಗಾರು ಸೊರಗಿ ಅಲ್ಲಿ ಹುಲ್ಲೇ ಜಾಸ್ತಿ ಇತ್ತು, ಹಿಮಯುಗ ಮುಗಿಯುತ್ತಾ ಮಳೆ ಜೋರಾಗಿ ಮರಗಿಡ ಹೆಚ್ಚಿತು, ಸುಮಾರು 5,000 ವರ್ಷದ ಹಿಂದೆ ಮತ್ತೆ ಒಣ ಕಾಲ ಬಂದು ಹುಲ್ಲು ಹಬ್ಬಿತು. ಹಿಮಯುಗದಲ್ಲಿ ಯಾರ ಮನೆ ದನ ಮೇಯ್ತಿತ್ತೋ ಸಾಹೇಬರೇ ಹೇಳಲಿ. ಅದು ನೀಲಗಿರಿ ಲೆಕ್ಕ, ನಮ್ಮ ಗಿರಿಯಲ್ಲೂ ಪಕ್ಕಾ ಹಾಗೇ ಅಂತ ನಾನೇನೂ ಆಣೆ ಹಾಕಲ್ಲ. ಆದರೆ ಕಣಿವೆ ಮಡಿಕೆಯಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು, ನೆತ್ತಿಯಲ್ಲಿ ಹುಲ್ಲು, ಇದು ಇಲ್ಲೂ ಕಾಣುತ್ತೆ ಅಲ್ವಾ? ಮಳೆ, ಗಾಳಿ, ಮಣ್ಣಿನ ಆಳ, ಬೆಂಕಿ ಎಲ್ಲ ಸೇರಿ ಹಾಕಿದ ಗಡಿ. ಸರಿದರೆ ನೂರಾರು, ಸಾವಿರಾರು ವರ್ಷದಲ್ಲಿ ಸರಿಯುತ್ತೆ, ಮಾರ್ಚ್ ಒಳಗೆ ಬಿಲ್ ಪಾಸಾಗಬೇಕು ಅಂತ ಸರಿಯಲ್ಲ. ಹಲವು ವರ್ಷಕ್ಕೊಮ್ಮೆ ಗುಡ್ಡ ತುಂಬಾ ಅರಳುವ ಕುರಿಂಜಿ ಹೂ ಬಿಟ್ಟ ವರ್ಷ ಇದೇ ‘ಬೋಳುಗುಡ್ಡ’ಕ್ಕೆ ಸಂಸಾರ ಸಮೇತ ಬಂದು ಸೆಲ್ಫಿ ತೆಗೆಸಿಕೊಂಡವರೂ ಇವರೇ.

ಎಂಬತ್ತರ ದಶಕದಲ್ಲಿ ಮಲೆನಾಡಿಗೆಲ್ಲ ಅಕೇಶಿಯಾ ಹಾಕಿದವರೂ ‘ಹಸಿರು’ ಅಂತಲೇ ಅಂದಿದ್ದರು. ನಮ್ಮ ಮನೆ ಮುಂದಿನ ಒಣಮರ ಕಡಿಯೋಕೆ ಅರ್ಜಿ ಕೊಟ್ಟು ಎರಡು ವರ್ಷ ಅಲೆದೆ. ಹೋದ ಮಳೆಗಾಲ ಅದೇ ವೈರ್ ಮೇಲೆ ಬಿದ್ದು ಹನ್ನೊಂದು ದಿನ ಕತ್ತಲೆ. ಇವರು ‘ಕರೆಂಟಿನವರನ್ನ ಕೇಳಿ’, ಅವರು ‘ಮರದವರನ್ನ ಕೇಳಿ’. ಇರೋ ಮರದ ಗತಿ ಇದು, ಇಲ್ಲದ ಕಡೆ ನೆಡೋಕೆ ಮಾತ್ರ ಶಾಮಿಯಾನ, ಮೈಕು.

ಸಂಬಂಧಪಟ್ಟವರು ಸೂಕ್ತ ಕ್ರಮ ತಗೊಳ್ಳಬೇಕು. ಗುಂಡಿ ಮುಚ್ಚಲಿ. ಆಗದಿದ್ದರೆ ಆ ಪ್ಲಾಸ್ಟಿಕ್ ಕವರನ್ನಾದರೂ ಬಂದು ಆರಿಸಿಕೊಂಡು ಹೋಗಲಿ. ಬರುವ ದಿನ ಮಾತ್ರ ಮೊದಲೇ ತಿಳಿಸಿ, ನಾವು ಅವತ್ತು ಕಾಯಿಲೆ ಬೀಳೋದಿಲ್ಲ.

– ನೊಂದ ಗಿರಿವಾಸಿ, ಚಿಕ್ಕಮಗಳೂರು