ತಲೆಬರಹದಲ್ಲಿ ಇಲಿ ಏಕಿರಲಿಲ್ಲ?

ಮಾನ್ಯ ಸಂಪಾದಕರೇ,

ಸೋಮವಾರದ ಮುಖಪುಟದಲ್ಲಿ ‘ಸಿಕಲ್ ಸೆಲ್‌ಗೆ ಇನ್ನು ಒಂದೇ ಚುಚ್ಚುಮದ್ದು’ ಎಂದು ಪ್ರಕಟವಾದ ವರದಿಯನ್ನು ಕತ್ತರಿಸಿ, ಆ ಆನುವಂಶಿಕ ರಕ್ತರೋಗವಿರುವ ಮಗನ ಫೈಲಿನೊಳಗಿಟ್ಟುಕೊಂಡು, ಮರುದಿನ ಬೆಳಿಗ್ಗೆ ಆರಕ್ಕೇ ಆಸ್ಪತ್ರೆಯ ಸಾಲಿನಲ್ಲಿ ನಿಂತ ಬುದ್ಧಿವಂತರಲ್ಲಿ ನಾನೂ ಒಬ್ಬ. ಚೀಟಿ ಕೌಂಟರಿನವರು ರಕ್ತರೋಗ ವಿಭಾಗಕ್ಕೆ ಕಳುಹಿಸಿದರು, ಅಲ್ಲಿಯವರು ಸಂಶೋಧನಾ ವಿಭಾಗವನ್ನು ಕೇಳಿ ಎಂದರು, ಸಂಶೋಧನಾ ವಿಭಾಗದವರು ಚೀಟಿಯಲ್ಲಿ ಮೊಹರಿಲ್ಲವೆಂದು ಮತ್ತೆ ಕೌಂಟರಿಗೇ ಅಟ್ಟಿದರು. ಮಧ್ಯಾಹ್ನ ಎರಡಕ್ಕೆ ಸಿಕ್ಕ ಕಿರಿಯ ವೈದ್ಯೆಯೊಬ್ಬರು ವರದಿಯನ್ನು ಪೂರ್ತಿ ಓದಿ, ಕೊನೆಯ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು, ‘ಇದು ಇಲಿಗಳ ಮೇಲೆ ಆಗಿರುವುದು, ಸರ್’ ಎಂದರು. ಮಗ ನಕ್ಕುಬಿಟ್ಟ. ಎಂಟು ಗಂಟೆ ಕಾಲ ಸರಿಯಾಗಿ ನೀರೂ ಕುಡಿಯದೆ ಬೆಂಚಿನ ಮೇಲೆ ಕುಳಿತಿದ್ದಕ್ಕೆ ರಾತ್ರಿ ಅವನ ಮೊಣಕಾಲಿನಲ್ಲಿ ನೋವು ಶುರುವಾಯಿತು. ಈ ಕಾಯಿಲೆಯ ನೋವನ್ನು ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಂಶೋಧನೆಯನ್ನು ನಾನು ಹೀಗಳೆಯುತ್ತಿಲ್ಲ. ಕ್ರಿಸ್ಪರ್ ಎಂಬ ವಂಶವಾಹಿ ಕತ್ತರಿಯನ್ನು ಡೌಡ್ನಾ ಮತ್ತು ಶಾರ್ಪಾಂತಿಯೇ ಎಂಬ ವಿಜ್ಞಾನಿಗಳು ಲೋಕದ ಮುಂದಿಟ್ಟದ್ದು 2012ರಲ್ಲಿ. ಅದೇ ಕತ್ತರಿಯಿಂದ ರೂಪುಗೊಂಡ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ದೋಷ ಹಿಮೋಗ್ಲೋಬಿನ್‌ನಲ್ಲಿದೆಯೆಂದು ರಸಾಯನವಿಜ್ಞಾನಿ ಪೌಲಿಂಗ್ ಅವರ ತಂಡ 1949ರಲ್ಲೇ ತೋರಿಸಿದ್ದ ಕಾಯಿಲೆಗೆ ಇಷ್ಟು ಕಾಲ ಕಾದ ಮೇಲೆ, ಕತ್ತರಿಯಿಂದ ಚಿಕಿತ್ಸೆಗೆ ಹನ್ನೊಂದು ವರ್ಷವೆಂದರೆ ಓಟವೇ ಸರಿ. ಆದರೆ ಒಪ್ಪಿಗೆ ಪಡೆದಿರುವುದು ಚುಚ್ಚುಮದ್ದಲ್ಲ. ರೋಗಿಯ ರಕ್ತ ತಯಾರಿಸುವ ಆಕರಕೋಶಗಳನ್ನು (ಸ್ಟೆಮ್ ಸೆಲ್) ಹೊರತೆಗೆದು, ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಪ್ರಯೋಗಾಲಯದಲ್ಲಿ ತಿದ್ದಿ, ಬುಸಲ್ಫಾನ್ ಎಂಬ ಉಗ್ರ ಔಷಧದಿಂದ ಮೂಳೆಯೊಳಗಿನ ಮಜ್ಜೆಯನ್ನು ಖಾಲಿ ಮಾಡಿ, ಆ ಕೋಶಗಳನ್ನು ಮರಳಿ ದೇಹಕ್ಕೆ ಸೇರಿಸಿ, ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟು ಕಾಯುವ ಚಿಕಿತ್ಸೆಯದು. ಇಲಿಯ ಚುಚ್ಚುಮದ್ದು, ಮನುಷ್ಯರ ಈ ಚಿಕಿತ್ಸೆ ಎರಡನ್ನೂ ತಮ್ಮ ವರದಿಗಾರರು ಒಂದೇ ಪ್ಯಾರಾದಲ್ಲಿ ಕಲಸಿ, ಮೇಲೊಂದು ಸಿರಿಂಜಿನ ಚಿತ್ರವನ್ನೂ ಅಂಟಿಸಿದ್ದಾರೆ.

ಇನ್ನು ಅಧಿಕಾರಿಗಳ ವಿಷಯ. ಪ್ರಯೋಗಾಲಯದ ಫಲವನ್ನು ರೋಗಿಯ ಹಾಸಿಗೆಗೆ ಮುಟ್ಟಿಸುವುದೇ ‘ಟ್ರಾನ್ಸ್‌ಲೇಷನಲ್’ ಸಂಶೋಧನೆಯಂತೆ. ಆ ಹೆಸರಿನ ಫಲಕ ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಮಿರಮಿರನೆ ಹೊಳೆಯುತ್ತಿದೆ. ಅದರಡಿಯ ಬಾಗಿಲಿಗೆ ಬೀಗ. ಮೂರು ವರ್ಷಗಳ ಹಿಂದೆ ಇದೇ ಬಾಗಿಲಲ್ಲಿ ಮಗನ ರಕ್ತ ತೆಗೆದುಕೊಂಡು, ಇಂಗ್ಲಿಷಿನಲ್ಲಿದ್ದ ಹದಿನಾಲ್ಕು ಪುಟಗಳ ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಹಾಕಿಸಿಕೊಂಡಿದ್ದರು. ಫಲಿತಾಂಶ ಕೇಳಿದಾಗಲೆಲ್ಲ ‘ಆ ಸಾಹೇಬರು ವರ್ಗವಾದರು’ ಎಂಬ ಉತ್ತರವೇ ಸಿಗುತ್ತಿದೆ. ಸಾಹೇಬರ ಜೊತೆ ರಕ್ತದ ಮಾದರಿಗೂ ವರ್ಗಾವಣೆ ಆಯಿತೇ? ಕ್ಲಿನಿಕಲ್ ಟ್ರಯಲ್‌ಗಳ, ಅಂದರೆ ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗಗಳ, ವಿವರ ಕೇಳಿ ಕಳುಹಿಸಿದ ಎರಡು ಅರ್ಜಿಗಳಿಗೆ ಸ್ವೀಕೃತಿಯೂ ಬಂದಿಲ್ಲ, ಅದು ಬೇರೆ ಮಾತು.

ಆದ್ದರಿಂದ ಇಲಿಯ ಮೇಲಿನ ಪ್ರಯೋಗವಾದರೆ ‘ಇಲಿ’ ಎಂದು ತಾವು ತಲೆಬರಹದಲ್ಲೇ ಮುದ್ರಿಸಬೇಕು, ಸಂಬಂಧಪಟ್ಟವರು ಆ ಬೀಗ ತೆಗೆಸಿ ಏನಾದರೊಂದು ವ್ಯವಸ್ಥೆ ಮಾಡಬೇಕು. ಎರಡೂ ಆಗದಿದ್ದರೆ ಆ ಫಲಕವನ್ನಾದರೂ ಇಳಿಸಲಿ.

ಇಂತು,
ಸಾಲಿನಲ್ಲಿ ನಿಂತಿದ್ದ ಒಬ್ಬ ತಂದೆ